ಉಪಗೂಹನವೆಂದರೆ ಬಚ್ಚಿಡುವುದಲ್ಲ



ಸಪ್ತವ್ಯಸನ ತ್ಯಾಗದ ಉಪದೇಶವನ್ನು ಚೆನ್ನೈನ ನಮ್ಮ ಸಭೆಗಳಲ್ಲಿ ಪ್ರತಿ ವರ್ಷವೂ ಕೇಳುತ್ತೇವೆ. ಆದರೆ ವ್ಯಸನಕ್ಕೆ ಬಿದ್ದ ಮಗ ಮನೆಯ ಕೋಣೆಯಲ್ಲಿ ಉಸಿರು ಕಟ್ಟಿ ಬಿದ್ದಾಗ ಮಾಡಬೇಕಾದುದೇನೆಂದು ಯಾರೂ ಹೇಳಿಕೊಡುವುದಿಲ್ಲ. ಇಂದು ಅದನ್ನು ಹೇಳಬಯಸುತ್ತೇನೆ.

ನಾನು ವೈದ್ಯನಲ್ಲ, ಲೆಕ್ಕಪರಿಶೋಧಕ. ಒಮ್ಮೆ ಒಬ್ಬರ ಲೆಕ್ಕಪುಸ್ತಕದಲ್ಲಿ ‘ಪ್ರಯಾಣ ವೆಚ್ಚ’ ಎಂದು ತಿಂಗಳು ತಿಂಗಳೂ ಒಂದೇ ಮೊತ್ತ ಬರೆದಿತ್ತು. ರಸೀದಿ ಕೇಳಿದೆ. ಬಹಳ ಹೊತ್ತು ಮೌನವಾಗಿದ್ದು, ಅದು ಮಗನನ್ನು ಸೇರಿಸಿದ್ದ ವ್ಯಸನಮುಕ್ತಿ ಕೇಂದ್ರದ ಶುಲ್ಕವೆಂದರು. ಬಂಧುಗಳಿಗೆ ಮಗ ಪರಊರಿನಲ್ಲಿ ಓದುತ್ತಿದ್ದಾನೆಂದು ಹೇಳಿದ್ದರು. ಹುಡುಗ ಗುಣವಾಗಿ ಮನೆಗೆ ಬಂದ. ಮೂರನೆಯ ವಾರ ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡ. ಗೊರಕೆ ಕೇಳಿ, ನಿದ್ದೆ ಮಾಡಲೆಂದು ಬಾಗಿಲು ಮುಚ್ಚಿದರು. ಬೆಳಿಗ್ಗೆ ಅವನು ಏಳಲಿಲ್ಲ.

ಆ ಮನೆಯವರಿಗೆ ಎರಡು ಸಂಗತಿ ತಿಳಿದಿರಲಿಲ್ಲ. ಮೊದಲನೆಯದು, ಕೆಲವು ವಾರ ಬಿಟ್ಟಿದ್ದ ದೇಹ ಹಳೆಯ ಪ್ರಮಾಣವನ್ನು ತಾಳಲಾರದು. ಚಿಕಿತ್ಸೆಯಿಂದಲೋ ಸೆರೆಮನೆಯಿಂದಲೋ ಹೊರಬಂದ ಮೊದಲ ವಾರಗಳೇ ಅತ್ಯಂತ ಅಪಾಯದ ಕಾಲ. ಎರಡನೆಯದು, ಗಂಟಲಲ್ಲಿ ಗೊರಗೊರ ಎನ್ನುವ ಆ ಸದ್ದು ನಿದ್ದೆಯಲ್ಲ, ಉಸಿರು ಸೋಲುತ್ತಿರುವ ಲಕ್ಷಣ.

ಇದು ಕೇವಲ ಬೀದಿಬದಿಯ ಹೆರಾಯಿನ್ ಸಮಸ್ಯೆಯಲ್ಲ. ಟಪೆಂಟಡಾಲ್‌ನಂತಹ ನೋವಿನ ಮಾತ್ರೆಗಳನ್ನು ನೀರಿನಲ್ಲಿ ಕರಗಿಸಿ ಚುಚ್ಚಿಕೊಳ್ಳುವ ಚಟ ಇದೇ ಚೆನ್ನೈನಲ್ಲಿದೆ. ಅಫೀಮು ವರ್ಗದ ಮಾದಕಗಳನ್ನು ಬಳಸುವವರು ದೇಶದಲ್ಲಿ ಸುಮಾರು 2.26 ಕೋಟಿ ಎಂದು 2019ರ ರಾಷ್ಟ್ರೀಯ ಸಮೀಕ್ಷೆ ತಿಳಿಸಿತು. ಇವುಗಳೊಂದಿಗೆ ಮದ್ಯವಾಗಲಿ ನಿದ್ದೆಮಾತ್ರೆಯಾಗಲಿ ಸೇರಿದರೆ ಅಪಾಯ ಇಮ್ಮಡಿಸುತ್ತದೆ.

ಗುರುತುಗಳನ್ನು ನೆನಪಿಡಿ: ಕೂಗಿದರೂ, ಅಲುಗಿಸಿದರೂ ಎಚ್ಚರವಾಗದಿರುವುದು, ಉಸಿರು ನಿಧಾನವಾಗುವುದು ಅಥವಾ ನಿಲ್ಲುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ತುಟಿ, ಉಗುರು ನೀಲಿಗಟ್ಟುವುದು.

ಕೂಡಲೇ 108ಕ್ಕೆ ಕರೆ ಮಾಡಿ. ಉಸಿರಾಟ ಸಾಲದಿದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಗಲ್ಲವೆತ್ತಿ, ಮೂಗು ಹಿಡಿದು, ಸುಮಾರು ಐದು ಸೆಕೆಂಡಿಗೊಂದರಂತೆ ಬಾಯಿಯಿಂದ ಉಸಿರು ಕೊಡಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ವಾಂತಿಯಾದರೂ ಗಂಟಲು ಕಟ್ಟದು. ಒಂಟಿಯಾಗಿ ಬಿಡಬೇಡಿ. ಉಪ್ಪುನೀರು, ನಿಂಬೆರಸ ಕುಡಿಸುವುದು, ತಣ್ಣೀರು ಸುರಿಯುವುದು, ವಾಂತಿ ಮಾಡಿಸುವುದು ಯಾವುದೂ ಬೇಡ. ಏನು ಸೇವಿಸಿದ್ದಾನೆಂಬುದನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ.

ಅಫೀಮು ವರ್ಗದ ಮಾದಕಗಳಿಗೆ ನಲಾಕ್ಸೋನ್ ಎಂಬ ಪ್ರತ್ಯೌಷಧವಿದೆ. ಕೆಲವೇ ನಿಮಿಷಗಳಲ್ಲಿ ಉಸಿರು ಮರಳಿಸಬಲ್ಲದು. ಆದರೆ ಅದರ ಪರಿಣಾಮ ಮಾದಕದ ಪರಿಣಾಮಕ್ಕಿಂತ ಮೊದಲೇ ಇಳಿಯಬಹುದಾದ್ದರಿಂದ, ಎಚ್ಚರವಾದವನೂ ಆಸ್ಪತ್ರೆಯಲ್ಲಿರಬೇಕು. ಪ್ರತ್ಯಕ್ಷ ಸಾಕ್ಷಿಗಳಾಗಬಹುದಾದ ಮನೆಯವರಿಗೂ ಗೆಳೆಯರಿಗೂ ಇದು ದೊರೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ನಮ್ಮ ಸರ್ಕಾರಗಳು ಇದನ್ನು ಜಾರಿಗೆ ತರಬೇಕು.

ಕರೆ ಮಾಡಲು ಜನ ಹೆದರುವುದು ಪೊಲೀಸರಿಗೆ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ವಿಧಿ ರಕ್ಷಣೆ ಕೊಡುತ್ತದೆ. ಮಾದಕದಿಂದ ಪ್ರಾಣಾಪಾಯದಲ್ಲಿರುವವನಿಗಾಗಿ ಕರೆ ಮಾಡಿದವರಿಗೂ ಅಂತಹ ಸ್ಪಷ್ಟ ರಕ್ಷಣೆ ಬೇಕು. 1985ರ ಮಾದಕವಸ್ತು ಕಾಯ್ದೆಯ 64ಎ ವಿಧಿಯು, ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ವಿಚಾರಣೆಯಿಂದ ವಿನಾಯಿತಿ ನೀಡುತ್ತದೆ. ಇದನ್ನು ಬಲ್ಲ ಮನೆಗಳೆಷ್ಟು?

ಔಷಧ ವ್ಯಾಪಾರದಲ್ಲಿರುವ ಬಂಧುಗಳಿಗೆ ಒಂದು ಮಾತು. ಟ್ರಮಡಾಲ್, ಆಲ್‌ಪ್ರಜೊಲಾಮ್ ಮೊದಲಾದ ಎಚ್1 ಪಟ್ಟಿಯ ಔಷಧಗಳ ಮಾರಾಟಕ್ಕೆ ಪ್ರತ್ಯೇಕ ದಾಖಲೆಪುಸ್ತಕವಿಟ್ಟು, ಮೂರು ವರ್ಷ ಕಾಪಾಡಬೇಕೆಂಬ ನಿಯಮ 2014ರಿಂದಲೂ ಇದೆ. ಆ ಪುಸ್ತಕದಲ್ಲಿ ಬರೆಯುವ ಸುಳ್ಳು ಕೇವಲ ಲೆಕ್ಕದ ದೋಷವಲ್ಲ, ಅದು ಹಿಂಸೆ. ಬೆಳಿಗ್ಗೆ ಅಂತಹ ಲಾಭ ಗಳಿಸಿ ಸಂಜೆ ಔಷಧದಾನ ಮಾಡಿದರೆ ಖಾತೆ ಸರಿಹೋಗದು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಪರರ ದೋಷವನ್ನು ಬೀದಿಗೆಳೆಯದಿರುವುದೇ ಅದರ ಅರ್ಥ. ರೋಗವನ್ನು ವೈದ್ಯರಿಂದ ಮುಚ್ಚಿಡುವುದಲ್ಲ. ಅದರ ಮಗ್ಗುಲಲ್ಲೇ ಸ್ಥಿತೀಕರಣವಿದೆ. ಜಾರುತ್ತಿದ್ದ ಪುಷ್ಪಡಾಲ ಮುನಿಯನ್ನು ವಾರಿಷೇಣ ತಿರಸ್ಕರಿಸಲಿಲ್ಲ. ಮರಳಿ ಮಾರ್ಗದಲ್ಲಿ ನಿಲ್ಲಿಸಿದ. ಇದೇ ಊರಿನಲ್ಲಿ ಪತಿಯನ್ನು ಮದ್ಯವ್ಯಸನಕ್ಕೆ ಕಳೆದುಕೊಂಡ ಶಾಂತಿ ರಂಗನಾಥನ್ ಅವರು ದುಃಖವನ್ನು ಬಚ್ಚಿಡಲಿಲ್ಲ. 1980ರಲ್ಲಿ ಅವರು ಪತಿಯ ಹೆಸರಿನಲ್ಲೇ ಆರಂಭಿಸಿದ ಸಂಸ್ಥೆ ಇಂದಿಗೂ ವ್ಯಸನಿಗಳಿಗೆ ಚಿಕಿತ್ಸೆ ನೀಡುತ್ತಿದೆ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಪ್ರತಿ ಬಸದಿಯ ಸೂಚನಾಫಲಕದಲ್ಲಿ 108 ಮತ್ತು ವ್ಯಸನಮುಕ್ತಿ ಸಹಾಯವಾಣಿ 14446 ಕಾಣುವಂತೆ ಬರೆಯಿಸಿ. ವರ್ಷಕ್ಕೊಮ್ಮೆ ವೈದ್ಯರನ್ನು ಕರೆಸಿ, ಉಸಿರು ಕೊಡುವ ಕ್ರಮವನ್ನು ಯುವಕರಿಗೂ ತಾಯಂದಿರಿಗೂ ಕಲಿಸಿ. ಮನೆಗೆ ಮರಳಿದ ಮಗನಿಗೆ, “ಮತ್ತೆ ಎಡವಿದರೂ ನಮಗೆ ಹೇಳು, ಬಾಗಿಲು ಹಾಕಿಕೊಳ್ಳಬೇಡ” ಎಂದು ಹೇಳಿ. ನಾವು ಆ ಮಗನಿಗೆ ಕೊಡಬಹುದಾದ ಅಭಯದಾನವದು. ವ್ರತವನ್ನು ಮತ್ತೆ ಸ್ವೀಕರಿಸಬಹುದು. ಅದಕ್ಕೆ ಮೊದಲು ಅವನು ಬದುಕಿರಬೇಕು.

ಜೈ ಜಿನೇಂದ್ರ.