ಗುಂಪಿನ ಗೋಡೆ ಮತ್ತು ಹೊರಗಿನ ಮೇಸ್ತ್ರಿ

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನನಗೆ ಕೊಟ್ಟಿರುವ ವಿಷಯ "ನಮ್ಮ ವಾಟ್ಸಾಪ್ ಗುಂಪು ಮತ್ತು ಸುರಕ್ಷತೆ". ಸುರಕ್ಷತೆ ಅಂದ ಕೂಡಲೇ ಒಟಿಪಿ ಹೇಳಬೇಡಿ, ಲಿಂಕ್ ಒತ್ತಬೇಡಿ ಎಂದು ಶುರುವಾಗುತ್ತದೆ. ಅದನ್ನು ಕೇಳಿ ಕೇಳಿ ನಿಮಗೆ ಸಾಕಾಗಿದೆ. ನಾನು ಹೇಳಬೇಕೆಂದಿರುವುದು ವಾಟ್ಸಾಪನ್ನು ನಮಗೆ ಬೇಕಾದಂತೆ ಬದಲಾಯಿಸಿಕೊಳ್ಳಲು ಹೊರಗಿನಿಂದ ತಂದು ಹಾಕಿಕೊಳ್ಳುವ ಆ್ಯಪ್‌ಗಳ ಬಗ್ಗೆ. ಜಿಬಿ ವಾಟ್ಸಾಪ್, ಎಫ್‌ಎಂ ವಾಟ್ಸಾಪ್, ವಾಟ್ಸಾಪ್ ಪ್ಲಸ್ ಎಂದೆಲ್ಲ ಹೆಸರು. ಹಿಂದಿನ ಸಾಲಿನಲ್ಲಿ ಇಬ್ಬರು ನಕ್ಕಿದ್ದು ಕಾಣಿಸಿತು. ಪರವಾಗಿಲ್ಲ, ಇದು ಬೈಯುವ ಭಾಷಣ ಅಲ್ಲ.

ಇವು ಪ್ಲೇ ಸ್ಟೋರ್‌ನಲ್ಲಿ ಸಿಗುವುದಿಲ್ಲ. ಅಸಲಿ ವಾಟ್ಸಾಪನ್ನು ಯಾರೋ ಬಿಚ್ಚಿ, ಒಳಗೆ ತಮಗೆ ಬೇಕಾದ್ದನ್ನು ಸೇರಿಸಿ, ಮತ್ತೆ ಹೊಲಿದು, ಎಪಿಕೆ ಫೈಲ್ ಮಾಡಿ ಯಾವುದೋ ವೆಬ್‌ಸೈಟಿನಲ್ಲಿ ಇಟ್ಟಿರುತ್ತಾರೆ. ಹಾಕಿಕೊಂಡರೆ ಬಣ್ಣ ಬದಲಾಯಿಸಬಹುದು, ಒಂದೇ ಫೋನಿನಲ್ಲಿ ಎರಡು ನಂಬರ್ ಇಡಬಹುದು, ನೀಲಿ ಟಿಕ್ ತೋರಿಸದೆ ಓದಬಹುದು. ಎಲ್ಲಕ್ಕಿಂತ ದೊಡ್ಡ ಆಕರ್ಷಣೆ, ಬೇರೆಯವರು ಅಳಿಸಿದ ಮೆಸೇಜನ್ನು ನೋಡಬಹುದು.

ಇಂಥ ಆಸೆಯಲ್ಲಿ ತಪ್ಪೇನಿದೆ? ನಾವು ಬಾಡಿಗೆ ಮನೆಗೆ ಹೋದರೂ ಮೊದಲು ಪರದೆ ಬದಲಾಯಿಸುವವರು. ಕೂಡು ಕುಟುಂಬದಲ್ಲಿರುವ ಸೊಸೆಗೆ ತಾನು ಆನ್‌ಲೈನ್ ಇದ್ದೇನೆ ಎಂದು ಎಲ್ಲರಿಗೂ ತಿಳಿಯುವುದು ಬೇಡವಾಗಿರಬಹುದು. ಮನೆಯಿಂದಲೇ ಸೀರೆ, ಉಪ್ಪಿನಕಾಯಿ ಮಾರುವವರಿಗೆ ಎರಡನೇ ನಂಬರ್ ಬೇಕೇ ಬೇಕು. ಕಂಪನಿ ಕೊಡಲಿಲ್ಲ, ಹೊರಗಿನವನು ಕೊಟ್ಟ, ತೆಗೆದುಕೊಂಡರು.

ಹೊರಗಿನ ಸಾಧನ ಎಂದ ಮಾತ್ರಕ್ಕೆ ಕೆಟ್ಟದ್ದು ಎನ್ನುವವಳೂ ನಾನಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ನಮಗೆ ದಾರಿ ಮಾಡಿಕೊಟ್ಟದ್ದು ಬರಹ, ನುಡಿಯಂಥ ತಂತ್ರಾಂಶಗಳು. ಕಂಪ್ಯೂಟರ್ ಕಂಪನಿ ಕೊಡುವವರೆಗೆ ಕಾದಿದ್ದರೆ ನಮ್ಮ ಸಂಘದ ಕರೆಯೋಲೆಗಳೆಲ್ಲ ಇಂಗ್ಲಿಷಿನಲ್ಲೇ ಇರುತ್ತಿದ್ದವು. ಟೆಲಿಗ್ರಾಂನವರಂತೂ ಹೊರಗಿನವರು ಬಾಟ್ ಮಾಡಲಿ, ಬೇರೆ ಆ್ಯಪನ್ನೇ ಕಟ್ಟಲಿ ಎಂದು ತಾವಾಗಿಯೇ ಬಾಗಿಲು ತೆರೆದಿಟ್ಟಿದ್ದಾರೆ. ಅದು ಬೇರೆ ಮಾತು.

ಮುಂಬಯಿಯಲ್ಲಿರುವ ನಮಗೆ ವ್ಯತ್ಯಾಸ ಅರ್ಥವಾಗಲು ಸೊಸೈಟಿಯ ಫ್ಲ್ಯಾಟಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ನಿಮ್ಮ ಫ್ಲ್ಯಾಟಿನ ಒಳಗೆ ಯಾವ ಬಣ್ಣವಾದರೂ ಬಳಿಯಿರಿ, ಅಡುಗೆಮನೆಯ ಕಟ್ಟೆ ಬದಲಾಯಿಸಿ. ಆದರೆ ಹಾಲ್ ದೊಡ್ಡದು ಮಾಡಬೇಕೆಂದು ಮೇಸ್ತ್ರಿಯನ್ನು ಕರೆಸಿ ಕಟ್ಟಡದ ಕಂಬಕ್ಕೇ ಕೈ ಹಾಕಿಸಿದರೆ ಬಿರುಕು ಬೀಳುವುದು ಮೇಲಿನ ಮನೆಯಲ್ಲಿ. ಮೇಲಿನ ಮನೆಯವರನ್ನು ಯಾರೂ ಕೇಳಿರಲಿಲ್ಲ.

ನಮ್ಮಂಥದೇ ಒಂದು ಮಹಿಳೆಯರ ಗುಂಪಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಯಾವ ಗುಂಪು, ಯಾವ ಆ್ಯಪ್ ಎಂದು ಕೇಳಬೇಡಿ. ಒಬ್ಬಾಕೆ ರಾತ್ರಿ ತನ್ನ ಅಕ್ಕನಿಗೆ ಬರೆದ ಮೆಸೇಜು ಕೈತಪ್ಪಿ ಗುಂಪಿಗೆ ಹೋಯಿತು. ಗಂಡನ ವ್ಯಾಪಾರ ಕೂತುಹೋಗಿದೆ, ಬಳೆ ಅಡವಿಟ್ಟಿದ್ದೇನೆ, ಅತ್ತೆಗೆ ಗೊತ್ತಿಲ್ಲ ಎಂದಿತ್ತು. ಒಂದು ನಿಮಿಷದೊಳಗೆ ಅಳಿಸಿದಳು. ಯಾರೂ ನೋಡಿಲ್ಲ ಎಂದು ದೇವರಿಗೆ ಕೈಮುಗಿದಳು. ಎರಡು ವಾರದ ನಂತರ ಅರಸಿನ ಕುಂಕುಮಕ್ಕೆ ಹೋದಾಗ ಒಬ್ಬ ಹಿರಿಯರು ಪಕ್ಕಕ್ಕೆ ಕರೆದು, "ಬಳೆ ಬಿಡಿಸಿಕೊಂಡ್ಯಾ ಮಗಾ? ಬೇಕಾದರೆ ಹೇಳು" ಎಂದರು. ನಿಜವಾದ ಕಾಳಜಿಯಿಂದಲೇ ಕೇಳಿದ್ದು. ಅವರ ಫೋನಿನಲ್ಲಿ ಮೊಮ್ಮಗ ಹಾಕಿಕೊಟ್ಟ ಬದಲಾಯಿಸಿದ ಆ್ಯಪ್ ಇತ್ತು. ಅಳಿಸಿದ್ದೆಲ್ಲ ಅದರಲ್ಲಿ ಹಾಗೇ ಉಳಿಯುತ್ತಿತ್ತು. ಅಳಿಸಿದ್ದು ಎಂಬುದೂ ಅವರಿಗೆ ಸರಿಯಾಗಿ ತಿಳಿದಿರಲಿಲ್ಲ. ಆಕೆ ಈಗ ಭಜನೆಗೂ ಬರುವುದಿಲ್ಲ.

ಅಸಲಿ ಆ್ಯಪಿನಲ್ಲೂ ಸ್ಕ್ರೀನ್‌ಶಾಟ್ ತೆಗೆಯಬಹುದಲ್ಲ ಎಂದು ನೀವು ಕೇಳಬಹುದು. ತೆಗೆಯಬಹುದು. ಅದು ಒಬ್ಬರು ಬೇಕೆಂದೇ ಮಾಡುವ ಕೆಲಸ, ನಾಳೆ ಎದುರು ಸಿಕ್ಕಾಗ ಕೇಳಬಹುದು. ಇಲ್ಲಿ ಹಾಗಲ್ಲ. ಆ ಆ್ಯಪನ್ನು ಹೊಲಿದವನು ಯಾರು, ಎಲ್ಲಿದ್ದಾನೆ, ಯಾವುದೂ ನಮಗೆ ಗೊತ್ತಿಲ್ಲ. 2016ರ ಏಪ್ರಿಲ್‌ನಿಂದ ವಾಟ್ಸಾಪಿನ ಮಾತುಕತೆಗೆಲ್ಲ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇದೆ, ದಾರಿಯಲ್ಲಿ ಯಾರೂ ಓದಲಾರರು. ಆದರೆ ಬೀಗ ಇರುವುದು ದಾರಿಗೆ. ತಲುಪಿದ ಮೇಲೆ ಫೋನಿನ ಆ್ಯಪ್ ಅದನ್ನು ಬಿಚ್ಚಿಯೇ ತೋರಿಸಬೇಕು. ಬಿಚ್ಚುವ ಆ್ಯಪೇ ಪರರದ್ದಾದರೆ ಬೀಗಕ್ಕೆ ಅರ್ಥವಿಲ್ಲ. ಇನ್ನೂರು ಜನರ ಗುಂಪಿನಲ್ಲಿ ನೂರತೊಂಬತ್ತೊಂಬತ್ತು ಜನ ಅಸಲಿ ಇಟ್ಟುಕೊಂಡು ಒಬ್ಬರು ಇದನ್ನು ಇಟ್ಟುಕೊಂಡರೂ ಎಲ್ಲರ ನಂಬರ್, ಮಕ್ಕಳ ಫೋಟೋ, ಮಾತು ಆ ಒಂದು ಫೋನಿನಲ್ಲಿ ಬಿಚ್ಚಿಕೊಳ್ಳುತ್ತವೆ.

ಇದು ಬರೀ ಭಯ ಹುಟ್ಟಿಸುವ ಮಾತಲ್ಲ. 2021ರ ಆಗಸ್ಟ್‌ನಲ್ಲಿ ಕ್ಯಾಸ್ಪರ್‌ಸ್ಕಿ ಎಂಬ ಭದ್ರತಾ ಸಂಸ್ಥೆ ಎಫ್‌ಎಂ ವಾಟ್ಸಾಪಿನ ಒಂದು ಆವೃತ್ತಿಯೊಳಗೆ ಟ್ರಯಾಡಾ ಎಂಬ ಕಳ್ಳ ತಂತ್ರಾಂಶವನ್ನು ಪತ್ತೆಮಾಡಿತು. 2022ರಲ್ಲಿ ಯೋ ವಾಟ್ಸಾಪಿನ ಒಂದು ಆವೃತ್ತಿ ಖಾತೆಯ ಕೀಲಿಗಳನ್ನೇ ಕದಿಯುತ್ತಿದ್ದುದನ್ನು ಅದೇ ಸಂಸ್ಥೆ ಹೇಳಿತು. 2023ರ ಜೂನ್‌ನಲ್ಲಿ ನಮ್ಮ ಮುಂಬಯಿ ಪೊಲೀಸರೇ "ಪಿಂಕ್ ವಾಟ್ಸಾಪ್" ಲಿಂಕ್ ಬಗ್ಗೆ ಎಚ್ಚರಿಸಿದ್ದರು. ಗುಲಾಬಿ ಬಣ್ಣ ನೋಡಿ ಯಾರನ್ನು ಗುರಿಯಿಟ್ಟಿದ್ದರೋ ಎಂದು ನನಗೆ ಅವತ್ತು ಸಿಟ್ಟೇ ಬಂದಿತ್ತು! ವಾಟ್ಸಾಪ್ ಕಂಪನಿಯೂ ಸುಮ್ಮನಿಲ್ಲ. 2015ರಲ್ಲಿ ವಾಟ್ಸಾಪ್ ಪ್ಲಸ್ ಬಳಸಿದವರನ್ನು 24 ಗಂಟೆ ಹೊರಗಿಟ್ಟಿತು, 2019ರಲ್ಲಿ ಜಿಬಿಯವರ ಖಾತೆಗಳನ್ನು ತಾತ್ಕಾಲಿಕವಾಗಿ ತಡೆಯಿತು.

ಕಂಪನಿಯ ಪರ ವಕಾಲತ್ತು ಮಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಜನ ಹೊರಗೆ ಹುಡುಕಿಕೊಂಡು ಹೋದದ್ದು ಒಳಗೆ ಸಿಗಲಿಲ್ಲವೆಂದು. ಅವರು ತಡವಾಗಿ ಕೊಟ್ಟರು, ಆದರೆ ಈಗ ಬಹುಪಾಲು ಅಸಲಿಯಲ್ಲೇ ಇದೆ. ನೀಲಿ ಟಿಕ್ ನಿಲ್ಲಿಸಬಹುದು. ಆನ್‌ಲೈನ್ ಇರುವುದನ್ನು ಮುಚ್ಚಿಡಬಹುದು. ಯಾರಿಗೂ ಗದ್ದಲವಾಗದಂತೆ ಗುಂಪಿನಿಂದ ಹೊರಡಬಹುದು, ಅಡ್ಮಿನ್‌ಗೆ ಮಾತ್ರ ಸೂಚನೆ ಹೋಗುತ್ತದೆ. 2023ರಿಂದ ಆಂಡ್ರಾಯ್ಡ್ ಫೋನಿನಲ್ಲಿ ಎರಡು ನಂಬರನ್ನೂ ಒಂದೇ ಆ್ಯಪಿನಲ್ಲಿ ಇಡಬಹುದು. ಇಡೀ ಆ್ಯಪನ್ನೇ ಕನ್ನಡದಲ್ಲಿ ನೋಡಬಹುದು. ನಮ್ಮ ಸದಸ್ಯರಲ್ಲೇ ಎಷ್ಟೋ ಜನರಿಗೆ ಇದು ಗೊತ್ತಿಲ್ಲ. ಬೇರೆಯವರು ಅಳಿಸಿದ್ದನ್ನು ಓದುವ ಸೌಲಭ್ಯ ಮಾತ್ರ ಇಲ್ಲ. ಅದು ಯಾಕೆ ಬೇಕು ಎಂದು ನನ್ನನ್ನು ಕೇಳಿದರೆ, ನನಗೆ ಉತ್ತರ ಹೊಳೆಯುವುದಿಲ್ಲ.

ಇನ್ನು ಕೆಲಸದ ಮಾತು. ನಿಮ್ಮ ಫೋನಿನಲ್ಲಿರುವುದು ಯಾವುದೆಂದು ಅನುಮಾನವಿದ್ದರೆ ವಾಟ್ಸಾಪ್ ಸೆಟ್ಟಿಂಗ್ಸ್‌ನ ಹೆಲ್ಪ್‌ನಲ್ಲಿ ಆ್ಯಪ್ ಇನ್ಫೋ ನೋಡಿ, ಹೆಸರು ಅಲ್ಲಿರುತ್ತದೆ. ಬೇರೆ ಹೆಸರಿದ್ದರೆ ತೆಗೆದು ಪ್ಲೇ ಸ್ಟೋರ್‌ನಿಂದ ಅಸಲಿ ಹಾಕಿಕೊಳ್ಳಿ. ಹಳೆಯ ಮಾತುಕತೆ ಎಲ್ಲವೂ ವಾಪಸು ಬರುತ್ತದೆ ಎಂಬ ಖಾತ್ರಿ ಇಲ್ಲ, ಆದ್ದರಿಂದ ಮೊಮ್ಮಕ್ಕಳ ಫೋಟೋಗಳನ್ನು ಮೊದಲು ಬೇರೆಡೆ ಉಳಿಸಿಕೊಳ್ಳಿ. "ಲಿಂಕ್ಡ್ ಡಿವೈಸಸ್" ತೆರೆದು ಗೊತ್ತಿಲ್ಲದ ಕಂಪ್ಯೂಟರ್ ಸೇರಿಕೊಂಡಿದ್ದರೆ ಲಾಗ್ ಔಟ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಅಡ್ಮಿನ್‌ಗಳಿಗೆ ಒಂದು ಸಲಹೆ. ಯಾರ ಫೋನಿನಲ್ಲಿ ಏನಿದೆ ಎಂದು ತಪಾಸಣೆ ಮಾಡಲು ಹೋಗಬೇಡಿ, ಮನಸ್ತಾಪವಾಗುತ್ತದೆ. ಗುಂಪಿನ ನಿಯಮಗಳಲ್ಲಿ ಇದನ್ನೂ ಒಂದು ಸಾಲು ಸೇರಿಸಿ, ಹೊಸಬರು ಬಂದಾಗ ಓದಿ ಹೇಳಿ. ಕಾಯಿಲೆ, ಹಣ, ಮನೆಯೊಳಗಿನ ಕಷ್ಟದ ವಿಷಯವನ್ನು ಗುಂಪಿನಲ್ಲಿ ಕೇಳಬೇಡಿ, ಫೋನ್ ಮಾಡಿ ಮಾತಾಡಿ.

ಚಹಾದ ಹೊತ್ತಿನಲ್ಲಿ ನಮ್ಮ ಯುವ ವಿಭಾಗದ ಮೂವರು ಹುಡುಗಿಯರು ಬಾಗಿಲ ಬಳಿಯ ಮೇಜಿನಲ್ಲಿ ಕೂತಿರುತ್ತಾರೆ. ಫೋನ್ ತೆಗೆದುಕೊಂಡು ಹೋಗಿ ತೋರಿಸಿ. ಏನು ಸಿಕ್ಕಿತು ಎಂದು ಅವರು ಯಾರಿಗೂ ಹೇಳುವುದಿಲ್ಲ, ನನಗೂ ಹೇಳುವುದಿಲ್ಲ; ಹಾಗೆಂದು ಮಾತು ತೆಗೆದುಕೊಂಡೇ ಕೂರಿಸಿದ್ದೇನೆ.