ನಿಷ್ಠೆ ವಚನಕ್ಕೋ, ಪುಸ್ತಕಕ್ಕೋ?



ವಚನಗಳ ಪಾಠಶುದ್ಧಿಯ ಬಗ್ಗೆ ಮಾತನಾಡಲು ಪೂಜ್ಯರು ಅಪ್ಪಣೆ ಕೊಡಿಸಿದ್ದಾರೆ. ನೆರೆಮನೆಯ ಉದಾಹರಣೆಯಿಂದ ಆರಂಭಿಸುತ್ತೇನೆ.

ಸರ್ಕಾರಿ ಕೆಲಸದ ಮೇಲೆ ನಾನು ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿ ನಮ್ಮವರು ಕಡಿಮೆ, ಕ್ರೈಸ್ತ ಬಂಧುಗಳ ಒಡನಾಟ ಹೆಚ್ಚು. ಕುಂದಾಪುರದ ಇಗರ್ಜಿಯವರು ಬೈಬಲನ್ನು ಕನ್ನಡ ಲಿಪಿಯ ಕೊಂಕಣಿಯಲ್ಲಿ ಓದುತ್ತಾರೆ. ಬೈಂದೂರಿನ ಜಡ್ಕಲ್, ಮುದೂರು ಕಡೆ ರಬ್ಬರ್ ತೋಟ ಮಾಡಿಕೊಂಡ ಕೇರಳದವರು ಮಲಯಾಳದಲ್ಲಿ ಓದುತ್ತಾರೆ. ಬ್ರಹ್ಮಾವರದಲ್ಲಿ ರೋಮಿನಿಂದ ಬೇರೆಯಾಗಿ ಆರ್ಥೊಡಾಕ್ಸ್ ಸಭೆ ಸೇರಿದ ಕೊಂಕಣಿಗರಿದ್ದಾರೆ. ಪ್ರಾಟೆಸ್ಟೆಂಟರದು ಕನ್ನಡದ 'ಸತ್ಯವೇದ'. ಕೆಥೋಲಿಕರ ಬೈಬಲಿನಲ್ಲಿ 73 ಪುಸ್ತಕಗಳು, ಪ್ರಾಟೆಸ್ಟೆಂಟರದರಲ್ಲಿ 66. ಭಾಷೆ ಬೇರೆಯೆಂದು ಯಾರೂ ಜಗಳವಾಡುವುದಿಲ್ಲ. ಜಗಳ ಹುಟ್ಟುವುದು ಒಂದೇ ಭಾಷೆಯ ಎರಡು ಅನುವಾದಗಳ ನಡುವೆ. ಸರಳ ಕನ್ನಡದ ಹೊಸ ಅನುವಾದ ಬಂದಾಗ, 'ಅಜ್ಜ ಓದಿದ ಸತ್ಯವೇದವೇ ಸಾಕು' ಎನ್ನುವ ಹಿರಿಯರಿದ್ದಾರೆ.

ಇಂಗ್ಲಿಷ್ ಲೋಕದಲ್ಲಿ ಈ ವಾದ ಇನ್ನೂ ತೀವ್ರ. 1611ರ ಕಿಂಗ್ ಜೇಮ್ಸ್ ಅನುವಾದವೊಂದೇ ದೇವರ ವಾಕ್ಯ ಎನ್ನುವ ಪಂಥವೇ ಇದೆ. ಮಾರ್ಕನ ಸುವಾರ್ತೆಯ ಕೊನೆಯ 12 ವಾಕ್ಯಗಳು ನಾಲ್ಕನೆಯ ಶತಮಾನದ ಎರಡು ಪ್ರಮುಖ ಹಸ್ತಪ್ರತಿಗಳಲ್ಲಿ ಇಲ್ಲ. ಹೊಸ ಅನುವಾದಗಳು ಇದನ್ನು ಅಡಿಟಿಪ್ಪಣಿಯಲ್ಲಿ ಹೇಳುತ್ತವೆ. ಪಂಥದವರಿಗೆ ಅದು ದೇವರ ಮಾತಿಗೆ ಹಾಕಿದ ಕತ್ತರಿ. ಅವರ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ತಲೆಮಾರಿಗೊಮ್ಮೆ ತಿದ್ದುತ್ತ ಹೋದರೆ ಕೊನೆಗೆ ಉಳಿಯುವುದೇನು?

ಆದರೆ 1611ರ ಅನುವಾದಕರೇ ಹಿಂದಿನ ಅನುವಾದಗಳನ್ನು ಪರಿಷ್ಕರಿಸಿದವರು. ಸಂಶಯವಿದ್ದಲ್ಲಿ ಪುಟದ ಅಂಚಿನಲ್ಲಿ ಇನ್ನೊಂದು ಅರ್ಥವನ್ನೂ ಅಚ್ಚು ಹಾಕಿಸಿದರು. ನಮ್ಮ ಸತ್ಯವೇದದ ಕಥೆಯೂ ಹಾಗೆಯೇ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲು ಅನುವಾದಿಸಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುಂದೆ ಅದನ್ನು ತಿದ್ದಿದರು. ಅಜ್ಜನ ಪುಸ್ತಕವೂ ಒಂದು ಕಾಲದ ಹೊಸ ಪುಸ್ತಕವೇ. ಅದೇ ಮಿಷನ್ನಿನ ಮೋಗ್ಲಿಂಗ್ 1848ರಿಂದ 1853ರವರೆಗೆ ಹೊರತಂದ 'ಬಿಬ್ಲಿಯೋಥಿಕಾ ಕರ್ನಾಟಿಕ' ಮಾಲೆಯಲ್ಲಿ ನಮ್ಮ ಬಸವಪುರಾಣವೂ ಅಚ್ಚಾಯಿತು.

ಈಗ ನಮ್ಮ ಮನೆಗೆ ಬರೋಣ. ಶರಣರು ಹನ್ನೆರಡನೆಯ ಶತಮಾನದವರು. ವಚನಗಳನ್ನು ದೊಡ್ಡ ಪ್ರಮಾಣದಲ್ಲಿ ಸಂಕಲಿಸಿದ್ದು ಹದಿನೈದನೆಯ ಶತಮಾನದಲ್ಲಿ. ಫ.ಗು. ಹಳಕಟ್ಟಿಯವರು ತಾಡೋಲೆಗಳನ್ನು ಹುಡುಕಿ ತಂದು, 1923ರಲ್ಲಿ 'ವಚನಶಾಸ್ತ್ರಸಾರ' ಪ್ರಕಟಿಸಿದರು. ಆಮೇಲೆ ಸರ್ಕಾರದಿಂದ ಸಮಗ್ರ ವಚನ ಸಂಪುಟದ 15 ಸಂಪುಟಗಳು ಬಂದವು. ಪ್ರತಿಯಿಂದ ಪ್ರತಿಗೆ ಪದ ಬೇರೆಯಾಗುತ್ತದೆ, ಸಾಲು ಬೇರೆಯಾಗುತ್ತದೆ. ಅದನ್ನು ತೋರಿಸುವುದು ವಚನದ್ರೋಹವಲ್ಲ.

ಹಾಗೆಂದು ಹೇಗೆ ಬೇಕಾದರೂ ತಿದ್ದಬಹುದೇ? ಅದೂ ಅಲ್ಲ. ಮಾತೆ ಮಹಾದೇವಿಯವರ 'ಬಸವ ವಚನ ದೀಪ್ತಿ'ಯಲ್ಲಿ ಬಸವಣ್ಣನವರ ಅಂಕಿತ 'ಲಿಂಗದೇವ' ಎಂದಾಯಿತು. ಸರ್ಕಾರ 1998ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪುಸ್ತಕ ನಿಷೇಧ ಸರಿಯೇ ಎಂಬುದು ಬೇರೆ ಚರ್ಚೆ. ಯಾವ ಓಲೆಯಲ್ಲೂ ಇಲ್ಲದ ಅಂಕಿತವನ್ನು ನಮ್ಮ ನಂಬಿಕೆಗೆ ಒಪ್ಪುತ್ತದೆಂದು ಸೇರಿಸುವುದು ಪಾಠಶುದ್ಧಿ ಅಲ್ಲ.

ಇಂಜಿನಿಯರ್ ಆಗಿ ನನಗೆ ಗೊತ್ತಿರುವ ನಿಯಮ ಒಂದಿದೆ. ಕಿಂಡಿ ಅಣೆಕಟ್ಟಿನ ಡ್ರಾಯಿಂಗ್ ತಿದ್ದಬಹುದು. ಆದರೆ ತಿದ್ದಿದ ಜಾಗ, ತಾರೀಖು, ಕಾರಣ, ಸಹಿ ಇರಲೇಬೇಕು. ಹಳೆಯ ಡ್ರಾಯಿಂಗನ್ನು ಹರಿಯುವುದಿಲ್ಲ, ಫೈಲಿನಲ್ಲೇ ಇಡುತ್ತೇವೆ. ಮುಂದೆ ಬಿರುಕು ಕಂಡರೆ ಮೊದಲು ಕೇಳುವುದು ಅದನ್ನೇ.

ಆದ್ದರಿಂದ ನನ್ನ ಅರಿಕೆ ಇಷ್ಟು. ಪ್ರವಚನದಲ್ಲಿ ವಚನ ಹೇಳುವಾಗ ಯಾವ ಸಂಪುಟ, ಎಷ್ಟನೆಯ ವಚನ ಎಂದು ಹೇಳೋಣ. ಪ್ರತಿ ಮಠದ ಗ್ರಂಥಾಲಯದಲ್ಲಿ ಕನಿಷ್ಠ ಎರಡು ಆವೃತ್ತಿಗಳಿರಲಿ. ವಾಟ್ಸಾಪಿನಲ್ಲಿ ಬಂದ ವಚನವನ್ನು ಸಂಪುಟದಲ್ಲಿ ನೋಡದೆ ಮುಂದೆ ಕಳಿಸುವುದು ಬೇಡ. ಪಾಠಾಂತರ ಕಂಡ ಮಗು ಪ್ರಶ್ನೆ ಕೇಳಿದರೆ ಗದರಬೇಡಿ, ಎರಡೂ ಪುಸ್ತಕ ತೆರೆದು ತೋರಿಸಿ. ಪ್ರಶ್ನೆ ಕೇಳುವುದನ್ನು ಅನುಭವ ಮಂಟಪವೇ ನಮಗೆ ಕಲಿಸಿದೆ.