ಪಾಗೊ ಅಂದೆ, ಪಗೋ ಅನ್ನಬೇಕಿತ್ತು

ಇವತ್ತು ಒಂದು ಕೆಲಸ ಕೈತಪ್ಪಿದ ಕಥೆ ಹೇಳ್ತೀನಿ. ಅದು ತಪ್ಪಿದ್ದು ಒಂದೇ ಒಂದು ದೀರ್ಘದಿಂದ.

ಕಳೆದ ವರ್ಷ ಒಂದು ಕಂಪನಿಯ ಇಂಟರ್ವ್ಯೂಗೆ ಹೋಗಿದ್ದೆ. ಮೆಕ್ಸಿಕೋದ ಗ್ರಾಹಕರ ಜೊತೆ ಸ್ಪ್ಯಾನಿಷ್‌ನಲ್ಲಿ ಮಾತಾಡೋ ಕೆಲಸ. ಬರೀ ಇಂಗ್ಲಿಷ್ ಕಾಲ್ ತಗೊಳ್ಳೋರಿಗಿಂತ ಸಂಬಳ ಚೆನ್ನಾಗಿತ್ತು. ಮನೇಲಿ ಅಪ್ಪ ರಿಟೈರ್ ಆಗಿದ್ರು, ತಂಗಿಯ ಕಾಲೇಜ್ ಫೀಸ್ ಬೇರೆ. ಕೊನೆಯ ಸುತ್ತಿನಲ್ಲಿ ಮೇಡಂ ಒಬ್ಬರು ಗ್ರಾಹಕಿಯ ಪಾತ್ರ ಮಾಡಿದ್ರು. 'ನನ್ನ ಕಾರ್ಡಿಂದ ಎರಡು ಸಲ ದುಡ್ಡು ಕಟ್ ಆಗಿದೆ' ಅಂತ ಜಗಳಕ್ಕೆ ನಿಂತ್ರು. ನಾನು ಸ್ಕ್ರೀನ್ ನೋಡಿ, 'ಹೌದು ಮೇಡಂ, ನೀವು ಎರಡು ಸಲ ಕಟ್ಟಿದ್ದೀರಿ' ಅನ್ನಬೇಕಿತ್ತು. 'ಸೀ, ಪಗೋ ದೊಸ್ ಬೇಸೆಸ್.' ನನ್ನ ಬಾಯಿಂದ ಬಂದಿದ್ದು 'ಪಾಗೊ ದೊಸ್ ಬೇಸೆಸ್.' ಅಂದ್ರೆ, 'ಹೌದು ಮೇಡಂ, ನಾನು ಎರಡು ಸಲ ಕಟ್ತೀನಿ.'

ಅವರು ನಕ್ಕರು. ನಾನೂ ನಕ್ಕೆ, ಯಾಕೆ ಅಂತ ಗೊತ್ತಾಗದೇನೇ. ಮತ್ತೆ ಫೋನ್ ಬರಲಿಲ್ಲ.

ಈಗ ವಿಷಯಕ್ಕೆ ಬರೋಣ. ಸ್ಪ್ಯಾನಿಷ್ ಕ್ರಿಯಾಪದಗಳ ಮೂಲರೂಪ ಮೂರು ಥರ ಮುಗಿಯುತ್ತೆ: ಆರ್, ಏರ್, ಈರ್. ಅಬ್ಲಾರ್ ಅಂದ್ರೆ ಮಾತಾಡು, ಕೊಮೇರ್ ಅಂದ್ರೆ ತಿನ್ನು, ಬಿಬೀರ್ ಅಂದ್ರೆ ಬಾಳು. ಬರೆಯೋದು ವಿ, ಓದೋದು ಬಿ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಭೂತಕಾಲ ಬೇಕಾದ್ರೆ ಆ ಬಾಲ ಕತ್ತರಿಸಿ ಬೇರೆ ಬಾಲ ಅಂಟಿಸಬೇಕು. ಅಬ್ಲೇ, ನಾನು ಮಾತಾಡಿದೆ. ಅಬ್ಲಾಸ್ತೆ, ನೀನು ಮಾತಾಡಿದೆ. ಅಬ್ಲೋ, ಅವನು ಅಥವಾ ಅವಳು ಮಾತಾಡಿದ್ದು. ಅಬ್ಲಾಮೊಸ್, ನಾವು ಮಾತಾಡಿದ್ವಿ. ಅಬ್ಲಾರೊನ್, ಅವರೆಲ್ಲ ಮಾತಾಡಿದ್ರು. ಸ್ಪೇನ್ ದೇಶದಲ್ಲಿ ಗೆಳೆಯರ ಗುಂಪಿಗೆ ಹೇಳೋಕೆ ಆರನೇದು ಒಂದಿದೆ. ಮೆಕ್ಸಿಕೋ ಕಡೆ ಅದು ಬಳಕೆಯಲ್ಲಿಲ್ಲ, ಹಾಗಾಗಿ ನಾನು ಕಲೀಲೇ ಇಲ್ಲ.

ಏರ್ ಮತ್ತು ಈರ್‌ಗೆ ಒಂದೇ ಸೆಟ್ ಬಾಲ. ಕೊಮೀ, ಕೊಮೀಸ್ತೆ, ಕೊಮಿಯೋ, ಕೊಮೀಮೊಸ್, ಕೊಮಿಯೇರೊನ್. ಬಿಬೀ, ಬಿಬೀಸ್ತೆ, ಬಿಬಿಯೋ, ಬಿಬೀಮೊಸ್, ಬಿಬಿಯೇರೊನ್. ಒಂದನ್ನ ಕಲಿತ್ರೆ ಇನ್ನೊಂದು ಫ್ರೀ.

ಕೋಚಿಂಗ್ ಕ್ಲಾಸಲ್ಲಿ ಇದನ್ನೆಲ್ಲ ಇಂಗ್ಲಿಷ್ ಮೂಲಕ ಹೇಳಿಕೊಟ್ಟಿದ್ರು. ಇಂಗ್ಲಿಷಲ್ಲಿ ನಾನು ಮಾಡಿದರೂ ಅವರು ಮಾಡಿದರೂ 'ಡಿಡ್' ಒಂದೇ. ಅದಕ್ಕೇ ಇಷ್ಟೊಂದು ಬಾಲ ನೋಡಿ ಕ್ಲಾಸಲ್ಲಿ ಎಲ್ಲರೂ ಹೆದರಿದ್ರು, ನಾನೂ ಹೆದರಿದೆ. ನನಗೆ ಬುದ್ಧಿ ಬಂದಿದ್ದು ಬಿಟಿಎಂ ಲೇಔಟ್‌ನ ಪಿಜಿಯಲ್ಲಿ. ರೂಮ್‌ಮೇಟ್ ಲಕ್ನೋದವನು, ಕನ್ನಡ ಕಲೀತಿದ್ದ. ಒಂದು ರಾತ್ರಿ ಕೇಳಿದ, 'ಮಾಡಿದೆ, ಮಾಡಿದ, ಮಾಡಿದ್ವಿ, ಮಾಡಿದ್ರು, ಒಂದೊಂದಕ್ಕೂ ಬೇರೆ ಯಾಕೆ? ನಮ್ಮಲ್ಲಿ ಮೈನೆ ಕಿಯಾ, ತುಮ್‌ನೆ ಕಿಯಾ, ಉಸ್‌ನೆ ಕಿಯಾ, ಮುಗೀತು.' ಉತ್ತರ ಹೇಳೋಕೆ ಬಾಯಿ ತೆಗೆದವನು ಹಾಗೇ ಕೂತೆ. ಇಷ್ಟು ದಿನ ನಾನು ಹೆದರ್ತಿದ್ದ ವಸ್ತುವನ್ನ ಹುಟ್ಟಿದಾಗಿಂದ ಬಾಯಲ್ಲೇ ಇಟ್ಕೊಂಡಿದ್ದೀನಲ್ಲ!

ಯಾರು ಮಾಡಿದ್ರು ಅನ್ನೋದು ಕ್ರಿಯಾಪದದ ಬಾಲದಲ್ಲೇ ಇರೋದ್ರಿಂದ ನಾವು 'ನೀವು' ಅನ್ನದೇನೇ 'ಊಟ ಮಾಡಿದ್ರಾ?' ಅಂತೀವಿ. ಸ್ಪ್ಯಾನಿಷ್‌ನೋರೂ ಅಷ್ಟೇ, ಸರ್ವನಾಮ ಬಿಟ್ಟು 'ಕೊಮಿಯೋ?' ಅಂತ ಕೇಳ್ತಾರೆ. ಕೊಮಿಯೋ ಅಂದ್ರೆ ಊಟ ಮಾಡಿದ, ಕೊಮೀಯ ಅಂದ್ರೆ ಊಟ ಮಾಡ್ತಿದ್ದ, ಈ ವ್ಯತ್ಯಾಸಾನೂ ನಮಗೆ ಹೊಸದಲ್ಲ. ಗೌರವದ 'ನೀವು' ಕೂಡ ಅಲ್ಲಿದೆ, 'ಉಸ್ತೇದ್' ಅಂತಾರೆ. ಅದಕ್ಕೆ ಅವನು, ಅವಳು ರೂಪವನ್ನೇ ಹಚ್ಚಬೇಕು. ಹಾಗಾಗಿ ನನ್ನ ಮೇಡಂಗೆ ಪಗೋ.

ವ್ಯಾಕರಣ ಬರೆಯೋ ವಿಷಯದಲ್ಲಂತೂ ನಾವೇ ಸೀನಿಯರ್. ಕೇಶಿರಾಜ ಶಬ್ದಮಣಿದರ್ಪಣ ಬರೆದಿದ್ದು 13ನೇ ಶತಮಾನದಲ್ಲಿ. ನೆಬ್ರಿಹಾ ಅನ್ನೋ ವಿದ್ವಾಂಸ ಸ್ಪ್ಯಾನಿಷ್‌ಗೆ ವ್ಯಾಕರಣ ಅಚ್ಚು ಹಾಕಿಸಿದ್ದು 1492ರಲ್ಲಿ. ಇಂಟರ್ವ್ಯೂನಲ್ಲಿ ಇದನ್ನ ಹೇಳಿದ್ರೆ ಮಾರ್ಕ್ಸ್ ಕೊಡಲ್ಲ, ಆದ್ರೂ ಇರಲಿ.

ಕನ್ನಡದಲ್ಲಿ ಲಿಂಗ ಬೇರೆ ನೋಡಬೇಕು: ಮಾಡಿದ, ಮಾಡಿದಳು, ಮಾಡಿತು. ಅಲ್ಲಿ ಮೂರಕ್ಕೂ ಒಂದೇ, ಅಬ್ಲೋ. ಲೆಕ್ಕ ಹಾಕಿದ್ರೆ ಅವರದ್ದೇ ಸುಲಭ. ಗೊಂದಲ ಎರಡೂ ಕಡೆ ಇದೆ. ಅಬ್ಲಾಮೊಸ್ ಅಂದ್ರೆ 'ಮಾತಾಡ್ತೀವಿ'ನೂ ಹೌದು, 'ಮಾತಾಡಿದ್ವಿ'ನೂ ಹೌದು. ಬಿಬೀಮೊಸ್ ಕೂಡ ಹಾಗೇ. ಅಯೇರ್, ಅಂದ್ರೆ ನಿನ್ನೆ, ಅಂತ ಸೇರಿಸಿದ್ರೆ ಬಗೆಹರಿಯುತ್ತೆ. ಏರ್ ಗುಂಪಲ್ಲಿ ಮಾತ್ರ ಬಚಾವು, ಕೊಮೇಮೊಸ್ ಈಗಿನದು, ಕೊಮೀಮೊಸ್ ಹಿಂದಿನದು. ನಗಬೇಡಿ, ನಮ್ಮಲ್ಲೂ 'ನಾನು ಮಾಡಿದೆ', 'ನೀನು ಮಾಡಿದೆ' ಎರಡೂ ಆಡುಮಾತಲ್ಲಿ ಒಂದೇ ಅಲ್ವಾ.

ನನ್ನನ್ನ ಹೊಡೆದಿದ್ದು ಇದ್ಯಾವುದೂ ಅಲ್ಲ, ಒತ್ತು. ಪಾಗೊ ಅಂದಾಗ ಮೊದಲ ಅಕ್ಷರದ ಮೇಲೆ ಒತ್ತು, ಅದು 'ನಾನು ಕಟ್ತೀನಿ'. ಪಗೋ ಅಂದಾಗ ಕೊನೆಯ ಅಕ್ಷರದ ಮೇಲೆ, ಅದು 'ಕಟ್ಟಿದ'. ಸ್ಪ್ಯಾನಿಷ್ ಬರವಣಿಗೆಯಲ್ಲಿ ಕೊನೆಯ ಅಕ್ಷರದ ತಲೆ ಮೇಲೆ ಒಂದು ಸಣ್ಣ ಗೀಟು ಇರುತ್ತೆ. ಫೋನಲ್ಲಿ ಟೈಪ್ ಮಾಡುವಾಗ ಅದನ್ನ ಹಾಕದೇ ಬಿಡ್ತಿದ್ದೆ. ಕೈ ಬಿಟ್ಟಿದ್ದನ್ನ ನಾಲಿಗೆಯೂ ಬಿಡ್ತು. ಈಗ ನೋಟ್‌ಬುಕ್ಕಲ್ಲಿ ಸ್ಪ್ಯಾನಿಷನ್ನ ಕನ್ನಡ ಲಿಪಿಯಲ್ಲೇ ಬರ್ಕೋತೀನಿ, ಒತ್ತು ಇರೋ ಕಡೆ ದೀರ್ಘ. ನಿಜ ಹೇಳಬೇಕಂದ್ರೆ ಒತ್ತು ಬೇರೆ, ದೀರ್ಘ ಬೇರೆ. ಆದ್ರೆ ಬೆಳೆ, ಬೇಳೆ ವ್ಯತ್ಯಾಸ ಗೊತ್ತಿರೋ ಕಿವಿಗೆ ಈ ಉಪಾಯ ಕೆಲಸ ಮಾಡುತ್ತೆ. ಇನ್ನೊಂದು ಲಾಭ: 'ನಾನು ಕಟ್ಟಿದೆ' ಅನ್ನೋದಕ್ಕೆ ಪಗೇ ಅಂತಾರೆ. ಅವರ ಲಿಪಿಯಲ್ಲಿ ಗ ಮುಂದೆ ಎ ಬಂದ್ರೆ 'ಹೆ' ಅಂತ ಓದಿಬಿಡ್ತಾರೆ, ಅದಕ್ಕೆ ಮಧ್ಯದಲ್ಲಿ ಯು ತುರುಕಬೇಕು. ನಮ್ಮಲ್ಲಿ ಗೇ ಅಂದ್ರೆ ಗೇ.

ಅಭ್ಯಾಸಕ್ಕೆ ಕುಳಿತುಕೊಳ್ಳೋಕೆ ಟೈಮ್ ಇಲ್ಲ ಅನ್ನೋರು ಹಸಿರು ಮೆಟ್ರೋ ಹತ್ತಿ. ಈಗ ನಮ್ಮ ಮನೆ ಜೆಪಿ ನಗರದಲ್ಲಿ. ಜೆಪಿ ನಗರ ಸ್ಟೇಷನ್ನಲ್ಲಿ ಪಗೇ, ಬನಶಂಕರಿಯಲ್ಲಿ ಪಗಾಸ್ತೆ, ಆರ್‌ವಿ ರೋಡಲ್ಲಿ ಪಗೋ, ಜಯನಗರದಲ್ಲಿ ಪಗಾಮೊಸ್, ಸೌತ್ ಎಂಡ್ ಸರ್ಕಲ್‌ನಲ್ಲಿ ಪಗಾರೊನ್. ಲಾಲ್‌ಬಾಗ್ ಬಂದಾಗ ಹೊಸ ಕ್ರಿಯಾಪದ. ಹಳದಿ ಲೈನ್ ಶುರುವಾದ ಮೇಲೆ ಆರ್‌ವಿ ರೋಡಲ್ಲಿ ಜನ ಜಾಸ್ತಿ, ಅಲ್ಲಿ ಪಗೋ ಅಂತ ಜೋರಾಗಿ ಹೇಳಿ ಒಬ್ಬ ಅಂಕಲ್ ಕೈಲಿ 'ಏನಪ್ಪಾ?' ಅನ್ನಿಸ್ಕೊಂಡಿದ್ದೀನಿ.

ಬರೋ ಬುಧವಾರ ಇನ್ನೊಂದು ಇಂಟರ್ವ್ಯೂ ಇದೆ, ಬೇರೆ ಕಂಪನಿ. ರೂಮ್‌ಮೇಟ್ ಈಗಲೂ ಫೋನ್ ಮಾಡ್ತಾನೆ. ಮಾಡಿದೆ, ಹಾಡಿದೆ ಎಲ್ಲ ಪಕ್ಕಾ. ಆದ್ರೆ ನಿನ್ನೆ, 'ಆಟೋದವನಿಗೆ ಇನ್ನೂರು ಕೊಡಿದೆ' ಅಂದ. ಕೊಟ್ಟೆ ಅನ್ನಬೇಕು ಕಣೋ ಅಂದೆ. 'ನೋಡು, ನಿಮ್ಮಲ್ಲೂ ನಿಯಮ ತಪ್ಪೋವು ಇವೆ' ಅಂತ ಖುಷಿಪಟ್ಟ. ಸ್ಪ್ಯಾನಿಷಲ್ಲೂ ಅಂಥವು ಬೇಕಾದಷ್ಟಿವೆ. ಅದರಲ್ಲಿ ಒಂದು 'ಫುಯಿ'. 'ನಾನು ಹೋದೆ' ಅನ್ನೋಕೂ ಅದೇ, 'ನಾನು ಆಗಿದ್ದೆ' ಅನ್ನೋಕೂ ಅದೇ. ಅದನ್ನ ಮುಂದಿನ ವಾರ ನೋಡೋಣ, ಬುಧವಾರ ಏನಾಯ್ತು ಅಂತಾನೂ ಆಗಲೇ ಹೇಳ್ತೀನಿ.